ಹಳೆಯ ಮೊಬೈಲನ್ನು ಲ್ಯಾಪ್‌ಟಾಪಿಗೆ ವೆಬ್‌ಕ್ಯಾಮ್ ಆಗಿ ಜೋಡಿಸುವುದು: ವೀಣೆಯ ಪಾಠದಲ್ಲಿ ಬೆರಳುಗಳು ಕಾಣಿಸಬೇಕಾಗಿದೆ

ವೀಣಾ ಶಿಕ್ಷಕಿ, ಕುವೆಂಪುನಗರ, ಮೈಸೂರು
ಭಾನುವಾರ, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಡುಮನೆಯಲ್ಲಿಯೇ ಹಲವು ವರ್ಷಗಳಿಂದ ವೀಣೆ ಹೇಳಿಕೊಡುತ್ತಿದ್ದೇನೆ. ಎದುರಿಗೆ ಕುಳಿತು ಕಲಿಯುವ ಮಕ್ಕಳಲ್ಲದೆ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮೂವರಿಗೆ ಪ್ರತಿ ಶನಿವಾರ ಬೆಳಿಗ್ಗೆ ಆರೂವರೆಗೆ, ಅಂದರೆ ಅವರ ಶುಕ್ರವಾರದ ಸಂಜೆಗೆ, ಲ್ಯಾಪ್‌ಟಾಪಿನ ಮೂಲಕ ಪಾಠ ನಡೆಯುತ್ತದೆ.

ಲ್ಯಾಪ್‌ಟಾಪಿನ ಕ್ಯಾಮೆರಾ ನನ್ನ ಮುಖವನ್ನು ತೋರಿಸುತ್ತದೆ, ಆದರೆ ಪಾಠಕ್ಕೆ ಬೇಕಾದದ್ದು ಮುಖವಲ್ಲ. ಪರದೆಯನ್ನು ಮುಂದಕ್ಕೆ ಬಾಗಿಸಿದರೆ ಕೊಡ ಮತ್ತು ಬಲಗೈ ಒಂದಿಷ್ಟು ಕಾಣುತ್ತವೆ; ವೀಣೆಯ ಉದ್ದನೆಯ ದಂಡಿಯ ಮೇಲಿರುವ 24 ಮೆಟ್ಟಿಲುಗಳ, ಅಂದರೆ ಲೋಹದ ಅಡ್ಡಪಟ್ಟಿಗಳ, ಮೇಲೆ ಓಡಾಡುವ ಎಡಗೈ ಮಾತ್ರ ಮಸುಕು ನೆರಳಿನಂತೆ ಉಳಿಯುತ್ತದೆ. ಒಬ್ಬ ಶಿಷ್ಯೆಗೆ ಈಗ ತೋಡಿ ರಾಗ ನಡೆಯುತ್ತಿದೆ. ತೋಡಿಯ ಗಾಂಧಾರ ಸ್ವರವನ್ನು ಬರೀ ಕೇಳಿಸಿ ಕಲಿಸಲು ಆಗುವುದಿಲ್ಲ. ಯಾವ ಮೆಟ್ಟಿಲಿನ ಮೇಲೆ ಬೆರಳಿಟ್ಟು, ತಂತಿಯನ್ನು ಎಷ್ಟು ಎಳೆದು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಅವಳು ಕಣ್ಣಾರೆ ನೋಡಬೇಕು. ಎರಡು ವಾರ ಬಾಯಿಮಾತಿನಲ್ಲಿಯೇ ವಿವರಿಸಿದೆ. ಅವಳ ಕೈ ತಪ್ಪು ಜಾಗದಲ್ಲಿ ಕುಳಿತುಬಿಟ್ಟಿತು. ಒಮ್ಮೆ ಹಾಗೆ ಕುಳಿತ ಕೈಯನ್ನು ಬಿಡಿಸುವುದು ಎಷ್ಟು ಕಷ್ಟವೆಂಬುದು ಕಲಿಸುವವರಿಗೆ ಗೊತ್ತಿರುತ್ತದೆ.

ಬೀರುವಿನಲ್ಲಿ ಹಳೆಯದೊಂದು ಆಂಡ್ರಾಯ್ಡ್ ಮೊಬೈಲ್ ಇದೆ. ಹಿಂಬದಿಯ ಕ್ಯಾಮೆರಾ ಚೆನ್ನಾಗಿಯೇ ಇದೆ. ಅದನ್ನು ವೆಬ್‌ಕ್ಯಾಮ್ ಮಾಡಬಹುದೆಂದು ಕೇಳಿ, ಒಂದು ಆ್ಯಪ್ ಹಾಕಿಕೊಂಡು ವೈಫೈ ಮೂಲಕ ಜೋಡಿಸಿ ನೋಡಿದೆ. ಚಿತ್ರ ಬಂದಿತು, ಆದರೆ ನಾನು ಮೀಟಿದ ಮೇಲೆ ಸ್ವಲ್ಪ ಹೊತ್ತಿಗೆ ಬೆರಳು ಆಡುತ್ತಿತ್ತು, ನಡುನಡುವೆ ಚಿತ್ರ ಸ್ತಬ್ಧವಾಗಿ ನಿಲ್ಲುತ್ತಿತ್ತು. ಸಂಗೀತದ ಪಾಠಕ್ಕೆ ಇದು ಸಾಲದು. ಹೊಸ ವೆಬ್‌ಕ್ಯಾಮ್ ಕೊಳ್ಳುವ ಮುನ್ನ ತಿಳಿದವರ ಸಲಹೆ ಬೇಕಾಗಿದೆ. ನನ್ನದು ವಿಂಡೋಸ್ ಲ್ಯಾಪ್‌ಟಾಪ್.

ಕಂಪ್ಯೂಟರ್ ರಿಪೇರಿ ಕೆಲಸದವರು, ಸರಸ್ವತಿಪುರಂ
ಭಾನುವಾರ, ಬೆಳಿಗ್ಗೆ 11.45

ನಮಸ್ಕಾರ ಮೇಡಂ. ದಯವಿಟ್ಟು ಹೊಸದನ್ನು ಈಗಲೇ ಕೊಳ್ಳಬೇಡಿ. ನಿಮ್ಮ ಬೀರುವಿನಲ್ಲಿರುವ ಮೊಬೈಲು ಅಗ್ಗದ ವೆಬ್‌ಕ್ಯಾಮ್‌ಗಳಿಗಿಂತ ಒಳ್ಳೆಯ ಚಿತ್ರ ಕೊಡುವ ಸಾಧ್ಯತೆಯೇ ಹೆಚ್ಚು.

ಲ್ಯಾಪ್‌ಟಾಪಿನ ಮುಚ್ಚಳ ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಅದರೊಳಗೆ ಹಿಡಿಸಬೇಕೆಂದರೆ ಮಸೂರವೂ ಅದರ ಹಿಂದಿನ ಸಂವೇದಕವೂ ತೀರ ಚಿಕ್ಕದಾಗಿರಲೇಬೇಕು. ಸಂವೇದಕ ಚಿಕ್ಕದಾದಷ್ಟೂ ಅದು ಹಿಡಿಯುವ ಬೆಳಕು ಕಡಿಮೆ. ಬೆಳಿಗ್ಗೆ ಆರೂವರೆಯ ಮನೆಯೊಳಗಿನ ಬೆಳಕಿನಲ್ಲಿ ನಿಮ್ಮ ಬೆರಳು ಮಸುಕಾಗುವುದಕ್ಕೆ ಇದೇ ಕಾರಣ. ಮೊಬೈಲಿನ ಹಿಂಬದಿಯ ಕ್ಯಾಮೆರಾದಲ್ಲಿ ಸಂವೇದಕವೂ ದೊಡ್ಡದು, ಹತ್ತಿರದ ವಸ್ತುವಿಗೆ ತಾನಾಗಿ ಫೋಕಸ್ ಆಗುವ ಸೌಲಭ್ಯವೂ ಇರುತ್ತದೆ. ಮೆಗಾಪಿಕ್ಸೆಲ್ ಎಷ್ಟು ಎಂಬುದು ಇಲ್ಲಿ ಮುಖ್ಯವಲ್ಲ. ಪಾಠದಲ್ಲಿ ಕಳುಹಿಸುವುದು ಹೆಚ್ಚೆಂದರೆ 1280×720 ಅಥವಾ 1920×1080 ಬಿಂದುಗಳ ಚಿತ್ರವನ್ನು ಮಾತ್ರ, ಅಂದರೆ ಒಂಬತ್ತು ಲಕ್ಷದಿಂದ ಇಪ್ಪತ್ತು ಲಕ್ಷ ಬಿಂದುಗಳು. ಅಷ್ಟನ್ನು ಹತ್ತು ವರ್ಷದ ಹಿಂದಿನ ಮೊಬೈಲೂ ಕೊಡುತ್ತದೆ.

ನೀವು ಅನುಭವಿಸಿದ ತಡವರಿಕೆಗೆ ಆ್ಯಪ್‌ಗಿಂತ ವೈಫೈ ಕಾರಣವಾಗಿರಬಹುದು. ಮೊಬೈಲಿನಿಂದ ಹೊರಟ ಚಿತ್ರ ಮೊದಲು ರೂಟರಿಗೆ ಹೋಗಿ, ಅಲ್ಲಿಂದ ಲ್ಯಾಪ್‌ಟಾಪಿಗೆ ಬಂದು, ಮತ್ತೆ ಅದೇ ರೂಟರಿನ ಮೂಲಕ ಅಮೆರಿಕಕ್ಕೆ ಹೊರಡುತ್ತದೆ. ಒಂದೇ ಗಾಳಿದಾರಿಯಲ್ಲಿ ಒಂದೇ ಚಿತ್ರ ಮೂರು ಸಲ ಓಡಾಡಿದಂತಾಯಿತು. 2.4 ಗಿಗಾಹರ್ಟ್ಸ್‌ನ ದಾರಿಯಲ್ಲಂತೂ ಅಕ್ಕಪಕ್ಕದ ಮನೆಗಳ ವೈಫೈಗಳದ್ದೂ ಗದ್ದಲವಿರುತ್ತದೆ. ರೂಟರಿನಲ್ಲಿ 5 ಗಿಗಾಹರ್ಟ್ಸ್ ಇದ್ದರೆ ಸ್ವಲ್ಪ ಸುಧಾರಿಸುತ್ತದೆ. ಆದರೆ ನಿಮ್ಮ ಕೆಲಸಕ್ಕೆ ಕೇಬಲ್ಲೇ ಸರಿ. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ.

ಡ್ರಾಯ್ಡ್‌ಕ್ಯಾಮ್, ಇರಿಯುನ್, ಕ್ಯಾಮೋ, ಈ ಮೂರೂ ಕೇಬಲ್ಲಿನ ಮೂಲಕ ಕೆಲಸ ಮಾಡುತ್ತವೆ. ಮೊಬೈಲಿನಲ್ಲೊಂದು ಆ್ಯಪ್, ಲ್ಯಾಪ್‌ಟಾಪಿನಲ್ಲಿ ಅದರ ಜೋಡಿ ತಂತ್ರಾಂಶ, ಎರಡನ್ನೂ ಹಾಕಿಕೊಳ್ಳಬೇಕು. ಆಮೇಲೆ ಜೂಮ್ ಆಗಲಿ ಗೂಗಲ್ ಮೀಟ್ ಆಗಲಿ, ಕ್ಯಾಮೆರಾ ಆಯ್ಕೆ ಮಾಡುವ ಜಾಗದಲ್ಲಿ ಅದರ ಹೆಸರು ಕಾಣಿಸುತ್ತದೆ. ಮೊಬೈಲು ತೀರ ಹೊಸದಾಗಿದ್ದಿದ್ದರೆ ಇಷ್ಟೂ ಬೇಕಾಗುತ್ತಿರಲಿಲ್ಲ. ಆಂಡ್ರಾಯ್ಡ್ 14ರಿಂದ ಮೊಬೈಲನ್ನೇ ನೇರವಾಗಿ ವೆಬ್‌ಕ್ಯಾಮ್ ಆಗಿಸುವ ವ್ಯವಸ್ಥೆ ಬಂದಿದ್ದು, ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಅದನ್ನು 2023ರ ಡಿಸೆಂಬರಿನಲ್ಲಿ ಕೊಟ್ಟಿತು. ಕೇಬಲ್ ಚುಚ್ಚಿದಾಗ ಬರುವ ಯುಎಸ್‌ಬಿ ಸೂಚನೆಯನ್ನು ಒತ್ತಿ, ಅಲ್ಲಿ ವೆಬ್‌ಕ್ಯಾಮ್ ಎಂದು ಆರಿಸಿದರೆ ಸಾಕು. ಮಾರುಕಟ್ಟೆಯ ಸಾಮಾನ್ಯ ವೆಬ್‌ಕ್ಯಾಮ್‌ಗಳು ಬಳಸುವ ಯುಎಸ್‌ಬಿ ವಿಡಿಯೋ ಕ್ಲಾಸ್ ಎಂಬ ಭಾಷೆಯಲ್ಲಿಯೇ ಮೊಬೈಲೂ ಮಾತನಾಡುವುದರಿಂದ ಲ್ಯಾಪ್‌ಟಾಪಿನಲ್ಲಿ ಏನನ್ನೂ ಹಾಕಬೇಕಾಗಿಲ್ಲ. ಎಲ್ಲ ತಯಾರಕರೂ ಇದನ್ನು ಕೊಟ್ಟಿಲ್ಲವಾದ್ದರಿಂದ ಚುಚ್ಚಿ ನೋಡಿಯೇ ತಿಳಿಯಬೇಕು.

ಗಣಿತದ ಮೇಷ್ಟ್ರು, ಮಂಡ್ಯ
ಭಾನುವಾರ, ಮಧ್ಯಾಹ್ನ 1.20

ಮೇಲಿನವರು ಹೇಳಿದ ಕೇಬಲ್ಲಿನ ಮಾತಿಗೆ ನನ್ನ ಸಮ್ಮತಿಯಿದೆ. ನಾನು ಮೊಬೈಲನ್ನು ನಿಲ್ಲಿಸುವ ವಿಷಯವನ್ನು ಬರೆಯುತ್ತೇನೆ, ಏಕೆಂದರೆ ನನ್ನ ಅನುಭವದಲ್ಲಿ ಹೆಚ್ಚು ಜನ ಸೋಲುವುದು ಅಲ್ಲಿಯೇ.

ನಾನು ಹತ್ತನೆಯ ತರಗತಿಯ ಮಕ್ಕಳಿಗೆ ಸಂಜೆ ಆನ್‌ಲೈನ್ ಪಾಠ ಮಾಡುತ್ತೇನೆ. ಲೆಕ್ಕವನ್ನು ಕಾಗದದ ಮೇಲೆ ಪೆನ್ನಿನಲ್ಲಿ ಬಿಡಿಸುವುದನ್ನು ಮೇಲಿನಿಂದ ತೋರಿಸಬೇಕು. ಮೊದಲು ಪುಸ್ತಕಗಳ ಗುಡ್ಡೆಯ ತುದಿಯಲ್ಲಿ ಮೊಬೈಲನ್ನು ಅರ್ಧ ಹೊರಚಾಚಿ ಇಡುತ್ತಿದ್ದೆ. ಅದು ಎರಡು ಬಾರಿ ಬಿತ್ತು, ಎರಡನೆಯ ಬಾರಿ ಪರದೆ ಸೀಳಿತು. ಈಗ ಮಾಡಿರುವುದು ಹೀಗೆ: ಎರಡೂವರೆ ಅಡಿ ಉದ್ದದ ಒಂದು ಮರದ ಪಟ್ಟಿಯ ಮುಂತುದಿಗೆ, ಬೈಕಿಗೆ ಹಾಕುವ ಮೊಬೈಲ್ ಹೋಲ್ಡರನ್ನು ಬಿಗಿದಿದ್ದೇನೆ. ಪಟ್ಟಿ ಮೇಜಿನ ಪಕ್ಕದ ಕಬ್ಬಿಣದ ಕಪಾಟಿನ ಮೇಲೆ ಕೂರುತ್ತದೆ. ಹಿಂತುದಿಯ ಮೇಲೆ ಐದು ಕಿಲೋ ರಾಗಿ ತುಂಬಿದ ಸ್ಟೀಲ್ ಡಬ್ಬಿ ಇಟ್ಟಿದ್ದೇನೆ. ಕಾಗದಕ್ಕೂ ಮೊಬೈಲಿಗೂ ನಡುವೆ ಸುಮಾರು ಒಂದೂವರೆ ಅಡಿ ಅಂತರವಿದೆ. ಡಬ್ಬಿ ಇಟ್ಟ ದಿನದಿಂದ ಅದು ಒಂದು ಕೂದಲಿನಷ್ಟೂ ಅಲುಗಿಲ್ಲ.

ಮೊಬೈಲನ್ನು ಪರದೆ ಮೇಲೆ, ಬೆನ್ನು ಕೆಳಗೆ ಮಾಡಿ ಮಲಗಿಸಿದಾಗ, ತಾನು ನಿಂತಿದ್ದೇನೆಯೇ ಅಡ್ಡಲಾಗಿದ್ದೇನೆಯೇ ಎಂಬುದು ಅದಕ್ಕೆ ತಿಳಿಯದೆ ಚಿತ್ರ ಪಾಠದ ನಡುವೆ ತಟ್ಟನೆ ತಿರುಗಿಬಿಡುತ್ತದೆ. ಮೊದಲು ಅಡ್ಡಲಾಗಿ ಹಿಡಿದು, ಸ್ವಯಂ ತಿರುಗುವಿಕೆಯನ್ನು ನಿಲ್ಲಿಸಿ, ಆಮೇಲೆ ಹೋಲ್ಡರಿಗೆ ಹಾಕಿರಿ. ಅಂತೆಯೇ ಕೈ ಚಲಿಸಿದಾಗಲೆಲ್ಲ ಫೋಕಸ್ ಕಾಗದಕ್ಕೆ ಹೋಗಲೇ ಕೈಗೆ ಹೋಗಲೇ ಎಂದು ಒದ್ದಾಡುತ್ತದೆ. ಆ್ಯಪ್‌ನಲ್ಲಿ ಫೋಕಸನ್ನು ಒಂದೇ ಕಡೆ ನಿಲ್ಲಿಸುವ ಆಯ್ಕೆ ಇದ್ದರೆ ಅದನ್ನು ಬಳಸಿರಿ. ನಿಮ್ಮ ವಿಷಯದಲ್ಲಿ ಮೆಟ್ಟಿಲುಗಳ ಮೇಲೆ ನಿಲ್ಲಿಸಬೇಕು, ಕೈಯ ಮೇಲಲ್ಲ.

ವೀಣಾ ಶಿಕ್ಷಕಿ, ಕುವೆಂಪುನಗರ, ಮೈಸೂರು
ಸೋಮವಾರ, ಸಂಜೆ 6.05

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಷ್ಟ್ರೇ, ರಾಗಿ ಡಬ್ಬಿಯ ಉಪಾಯವನ್ನು ಹಾಗೆಯೇ ಮಾಡುತ್ತೇನೆ. ಆದರೆ ನಾನು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂರುವುದರಿಂದ ಪಟ್ಟಿಯನ್ನು ಊಟದ ಮೇಜಿನ ಅಂಚಿನಿಂದ ಚಾಚಬೇಕಾಗುತ್ತದೆ.

ಇವತ್ತು ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿದೆ. ಚಾರ್ಜ್ ಆಗುತ್ತಿದೆ, ಆದರೆ ಲ್ಯಾಪ್‌ಟಾಪಿನ ತಂತ್ರಾಂಶಕ್ಕೆ ಮೊಬೈಲ್ ಕಾಣಿಸುವುದೇ ಇಲ್ಲ. ಒಂದು ಗಂಟೆ ಪ್ರಯತ್ನಿಸಿ ಬಿಟ್ಟೆ. ಮೊಬೈಲೇ ಕೆಟ್ಟಿದೆಯೇ?

ಕಂಪ್ಯೂಟರ್ ರಿಪೇರಿ ಕೆಲಸದವರು, ಸರಸ್ವತಿಪುರಂ
ಸೋಮವಾರ, ರಾತ್ರಿ 8.30

ಮೊಬೈಲ್ ಕೆಟ್ಟಿರಲಾರದು. ಕೇಬಲ್ಲನ್ನು ಬದಲಾಯಿಸಿ ನೋಡಿ. ಯುಎಸ್‌ಬಿ ಕೇಬಲ್ಲಿನಲ್ಲಿ ಕರೆಂಟಿಗೆ ಎರಡು ತಂತಿಗಳಿದ್ದರೆ ಮಾಹಿತಿ ಹರಿಯುವುದಕ್ಕೆ ಬೇರೆ ತಂತಿಗಳಿರಬೇಕು. ಪವರ್ ಬ್ಯಾಂಕು, ಸಣ್ಣ ಟಾರ್ಚು, ಬೀಸಣಿಗೆಗಳ ಜೊತೆಯಲ್ಲಿ ಬರುವ ಅನೇಕ ಕೇಬಲ್ಲುಗಳಲ್ಲಿ ಕರೆಂಟಿನ ಎರಡು ತಂತಿಗಳು ಮಾತ್ರ ಇರುತ್ತವೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪರೀಕ್ಷಿಸುವ ಸುಲಭ ದಾರಿಯೆಂದರೆ, ಆ ಕೇಬಲ್ಲಿನಿಂದ ಮೊಬೈಲಿನ ಫೋಟೋಗಳು ಲ್ಯಾಪ್‌ಟಾಪಿನಲ್ಲಿ ತೆರೆಯುತ್ತವೆಯೇ ಎಂದು ನೋಡುವುದು. ತೆರೆಯದಿದ್ದರೆ ಮೊದಲು ಅದನ್ನು ಬದಿಗಿಡಿ. ನಮ್ಮಲ್ಲಿಗೆ ಮೊಬೈಲ್ ಜೋಡಣೆಯಾಗುತ್ತಿಲ್ಲ ಎಂದು ಬರುವವರಲ್ಲಿ ಬಹಳ ಮಂದಿಗೆ ಬೇಕಾಗುವುದು ಬೇರೆ ಕೇಬಲ್ ಅಷ್ಟೇ.

ಕೇಬಲ್ ಸರಿಯಾದ ಮೇಲೆ ಇನ್ನೊಂದು ಹೆಜ್ಜೆಯಿದೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ಮಾಹಿತಿ ಇರುವ ಪುಟಕ್ಕೆ ಹೋಗಿ, ಬಿಲ್ಡ್ ನಂಬರ್ ಎಂಬುದನ್ನು ಏಳು ಸಲ ಒತ್ತಬೇಕು. ಆಗ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅದರಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಅನ್ನು ಚಾಲೂ ಮಾಡಿ, ಕೇಬಲ್ ಚುಚ್ಚಿದಾಗ ಈ ಕಂಪ್ಯೂಟರನ್ನು ನಂಬಬಹುದೇ ಎಂದು ಮೊಬೈಲ್ ಕೇಳುವ ಪ್ರಶ್ನೆಗೆ ಒಪ್ಪಿಗೆ ಕೊಡಬೇಕು. ಆ ಪ್ರಶ್ನೆ ಪರದೆ ಲಾಕ್ ಆಗಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಲಾಕ್ ತೆರೆದಿಟ್ಟುಕೊಂಡೇ ಚುಚ್ಚಿರಿ.

ಹೆಣ್ಣುಮಗುವಿನ ತಂದೆ, ಶ್ರೀರಂಗಪಟ್ಟಣ
ಸೋಮವಾರ, ರಾತ್ರಿ 9.15

ನಡುವೆ ಮಾತನಾಡುತ್ತಿರುವುದಕ್ಕೆ ಕ್ಷಮಿಸಿ. ಮಗಳ ಪಾಠಕ್ಕೆ ನಾನೂ ಇದನ್ನೇ ಮಾಡಬೇಕೆಂದಿದ್ದೇನೆ. ಆದರೆ ಡೀಬಗ್ಗಿಂಗ್ ತೆರೆಯುವುದು, ಕ್ಯಾಮೆರಾಕ್ಕೆ ಅನುಮತಿ ಕೊಡುವುದು, ಇವೆಲ್ಲ ಸುರಕ್ಷಿತವೇ? ಮಗು ಓದುವ ಕೋಣೆಯಲ್ಲಿ ಕ್ಯಾಮೆರಾ ಇಡುವ ವಿಚಾರವಾದ್ದರಿಂದ ಕೇಳುತ್ತಿದ್ದೇನೆ.

ಕಂಪ್ಯೂಟರ್ ರಿಪೇರಿ ಕೆಲಸದವರು, ಸರಸ್ವತಿಪುರಂ
ಸೋಮವಾರ, ರಾತ್ರಿ 10.00

ಕೇಳಲೇಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ ಸರ್. ಡೀಬಗ್ಗಿಂಗ್ ಎಂಬುದು ಕಂಪ್ಯೂಟರಿಗೆ ಮೊಬೈಲಿನ ಒಳಬಾಗಿಲನ್ನು ತೆರೆದುಕೊಟ್ಟಂತೆ. ನಿಮ್ಮದೇ ಕಂಪ್ಯೂಟರಿಗೆ ಮಾತ್ರ ಒಪ್ಪಿಗೆ ಕೊಡಿ, ಸೈಬರ್ ಸೆಂಟರಿನ ಯಂತ್ರಕ್ಕೆ ಎಂದೂ ಕೊಡಬೇಡಿ. ಪಾಠ ಮುಗಿದ ಮೇಲೆ ಅದನ್ನು ಮುಚ್ಚಿಬಿಡಿ. ಅದು ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಕೆಲಸ ಮಾಡಲು ನಿರಾಕರಿಸುವುದೂ ಉಂಟು. ಇದಕ್ಕಾಗಿಯೇ ನಾನು ಹಣದ ವ್ಯವಹಾರವಿಲ್ಲದ, ಸಿಮ್ ತೆಗೆದ ಹಳೆಯ ಮೊಬೈಲನ್ನು ಬಳಸಿ ಎಂದು ಎಲ್ಲರಿಗೂ ಹೇಳುತ್ತೇನೆ.

ಆ್ಯಪನ್ನು ಪ್ಲೇ ಸ್ಟೋರಿನಿಂದಲೇ ತೆಗೆದುಕೊಳ್ಳಿ. ಲ್ಯಾಪ್‌ಟಾಪಿನ ತಂತ್ರಾಂಶವನ್ನು ಅದನ್ನು ತಯಾರಿಸಿದವರ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಐಪಿ ವೆಬ್‌ಕ್ಯಾಮ್‌ನಂತಹ ಆ್ಯಪ್‌ಗಳು ಮೊಬೈಲಿನ ಚಿತ್ರವನ್ನು ಮನೆಯ ವೈಫೈಯಲ್ಲಿ ಒಂದು ವಿಳಾಸದಲ್ಲಿ ಇಡುತ್ತವೆ. ಪಾಸ್‌ವರ್ಡ್ ಹಾಕದಿದ್ದರೆ, ಅದೇ ವೈಫೈಗೆ ಸೇರಿಕೊಂಡ ಯಾರು ಬೇಕಾದರೂ ಆ ವಿಳಾಸವನ್ನು ತೆರೆದು ನೋಡಬಹುದು. ಮಗುವಿನ ಕೋಣೆಗೆ ಅದು ಖಂಡಿತ ಬೇಡ, ಕೇಬಲ್ಲೇ ಇರಲಿ. ಆಂಡ್ರಾಯ್ಡ್ 12 ಅಥವಾ ಅದರ ನಂತರದ ಮೊಬೈಲಾದರೆ ಕ್ಯಾಮೆರಾ ಬಳಕೆಯಲ್ಲಿರುವಾಗ ಪರದೆಯ ಮೇಲ್ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ. ಅದರ ಅರ್ಥವನ್ನು ಮಗಳಿಗೂ ಹೇಳಿಕೊಡಿ. ಪಾಠವಾದ ಮೇಲೆ ಮೊಬೈಲನ್ನು ಸ್ಟ್ಯಾಂಡಿನಿಂದ ತೆಗೆದು ಕೋಣೆಯ ಹೊರಗಿಡುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ.

ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು
ಮಂಗಳವಾರ, ಬೆಳಿಗ್ಗೆ 7.40

ಲಿನಕ್ಸ್ ಬಳಸುವವರು ಇಲ್ಲಿದ್ದರೆ ಅವರಿಗಾಗಿ ಒಂದು ಮಾತು. ಎಸ್‌ಸಿಆರ್‌ಸಿಪಿವೈ ಎಂಬ ಮುಕ್ತ ತಂತ್ರಾಂಶದಲ್ಲಿ 2023ರ 2.2ನೇ ಆವೃತ್ತಿಯಿಂದ ಮೊಬೈಲಿನ ಪರದೆಯ ಬದಲು ಕ್ಯಾಮೆರಾವನ್ನೇ ಕಂಪ್ಯೂಟರಿಗೆ ತರಬಹುದಾಗಿದೆ. ಮೊಬೈಲಿನಲ್ಲಿ ಆಂಡ್ರಾಯ್ಡ್ 12 ಅಥವಾ ಅದರ ನಂತರದ್ದು ಇರಬೇಕು, ಬಂದ ಚಿತ್ರವನ್ನು ವೆಬ್‌ಕ್ಯಾಮ್‌ನಂತೆ ತೋರಿಸಲು ಲಿನಕ್ಸಿನಲ್ಲಿ ವಿ4ಎಲ್2 ಲೂಪ್‌ಬ್ಯಾಕ್ ಎಂಬ ಘಟಕ ಇರಬೇಕು. ಮೊಬೈಲಿನಲ್ಲಿ ಯಾವ ಆ್ಯಪನ್ನೂ ಹಾಕಬೇಕಾಗಿಲ್ಲ, ಚಿತ್ರದ ಮೇಲೆ ಯಾರ ಮುದ್ರೆಯೂ ಬೀಳುವುದಿಲ್ಲ.

ನಿವೃತ್ತ ಉಪನ್ಯಾಸಕಿ, ಜಯಲಕ್ಷ್ಮೀಪುರಂ
ಮಂಗಳವಾರ, ಬೆಳಿಗ್ಗೆ 10.25

ನನ್ನ ಮಗಳು ಐಫೋನ್ ಮತ್ತು ಮ್ಯಾಕ್‌ಬುಕ್ ಎರಡನ್ನೂ ಕೊಡಿಸಿದ್ದಾಳೆ. ಅವೆರಡಕ್ಕೂ ಆ್ಯಪ್ ಹಾಕುವ ಅಗತ್ಯವೇ ಬೀಳಲಿಲ್ಲ. 2022ರಲ್ಲಿ ಬಂದ ಮ್ಯಾಕ್‌ಓಎಸ್ ವೆಂಚುರಾ ಮತ್ತು ಐಓಎಸ್ 16ರಿಂದ, ಐಫೋನ್ ಎಕ್ಸ್‌ಆರ್ ಮತ್ತು ಅದರ ನಂತರದ ಫೋನುಗಳನ್ನು ಮ್ಯಾಕ್ ತಾನೇ ಕ್ಯಾಮೆರಾ ಎಂದು ಗುರುತಿಸುತ್ತದೆ. ಐಫೋನ್ 11 ಮತ್ತು ಅದರ ನಂತರದ ಹೆಚ್ಚಿನ ಫೋನುಗಳಲ್ಲಿ ಡೆಸ್ಕ್ ವ್ಯೂ ಎಂಬ ಸೌಲಭ್ಯವೂ ಇದೆ. ಫೋನನ್ನು ಪರದೆಯ ಮೇಲಂಚಿಗೆ ನೇರವಾಗಿ ಸಿಕ್ಕಿಸಿದ್ದರೂ, ವಿಶಾಲಕೋನದ ಮಸೂರದ ಚಿತ್ರವನ್ನು ತಿದ್ದಿ, ಮೇಜಿನ ಮೇಲಿರುವುದನ್ನು ಮೇಲಿನಿಂದ ಕಂಡಂತೆ ತೋರಿಸುತ್ತದೆ. ನಾನು ಹಳಗನ್ನಡದ ಪದ್ಯಗಳನ್ನು ಬಿಡಿಸಿ ಹೇಳುವಾಗ ಪುಸ್ತಕದ ಪುಟವನ್ನು ಹಾಗೆಯೇ ತೋರಿಸುತ್ತೇನೆ. ವೀಣೆ ನೆಲದ ಮೇಲಿರುವುದರಿಂದ ನಿಮಗೆ ಇದು ಒದಗಲಿಕ್ಕಿಲ್ಲ.

ವೀಣಾ ಶಿಕ್ಷಕಿ, ಕುವೆಂಪುನಗರ, ಮೈಸೂರು
ಬುಧವಾರ, ರಾತ್ರಿ 8.50

ಕೇಬಲ್ ಬದಲಾಯಿಸಿದೆ, ಮೊದಲ ಸಲಕ್ಕೇ ಜೋಡಣೆಯಾಯಿತು. ನನ್ನ ಕೈಯನ್ನು ಪರದೆಯ ಮೇಲೆ ಮೊದಲ ಬಾರಿಗೆ ಅಷ್ಟು ಸ್ಪಷ್ಟವಾಗಿ ಕಂಡು ಬಹಳ ಸಂತೋಷವಾಯಿತು. ಮೆಟ್ಟಿಲುಗಳ ಕೆಳಗಿನ ಕಪ್ಪು ಮೇಣದ ಮೇಲೆ ವರ್ಷಗಳಿಂದ ಬಿದ್ದಿರುವ ಗೀರುಗಳೂ ಕಾಣುತ್ತಿವೆ, ತೋರುಬೆರಳು ಮತ್ತು ನಡುಬೆರಳು ತಂತಿಯನ್ನು ಒತ್ತಿ ಒತ್ತಿ ಆಗಿರುವ ಗೆರೆಗಳೂ ಕಾಣುತ್ತಿವೆ.

ಆದರೆ ಎರಡು ವಿಚಿತ್ರಗಳಿವೆ. ಟ್ಯೂಬ್‌ಲೈಟ್ ಹಾಕಿದರೆ ಚಿತ್ರದ ಮೇಲೆ ಮಸುಕಾದ ಅಡ್ಡ ಪಟ್ಟಿಗಳು ನಿಧಾನವಾಗಿ ಹರಿಯುತ್ತವೆ. ಮಧ್ಯಾಹ್ನ ಕಿಟಕಿಯ ಬಿಸಿಲಿನಲ್ಲಿ ನೋಡಿದಾಗ ಪಟ್ಟಿಗಳು ಇರಲಿಲ್ಲ, ಬದಲಿಗೆ ಮೀಟಿದ ಸಾರಣಿ ತಂತಿ (ಸ್ವರ ನುಡಿಸುವ ಮುಖ್ಯ ತಂತಿ) ಹಾವಿನಂತೆ ಅಂಕುಡೊಂಕಾಗಿ ಕಂಡಿತು. ಪರೀಕ್ಷೆಗೆಂದು ಕರೆ ಮಾಡಿದ್ದಾಗ ಶಿಷ್ಯೆಯೇ ತಂತಿ ಸಡಿಲವಾಗಿದೆಯೇ ಎಂದು ಕೇಳಿದಳು. ತಂತಿ ಶ್ರುತಿಯಲ್ಲಿಯೇ ಇತ್ತು.

ಮದುವೆ ವಿಡಿಯೋ ಕೆಲಸದವರು, ಮಂಡ್ಯ
ಬುಧವಾರ, ರಾತ್ರಿ 10.40

ಮೇಡಂ, ಎರಡೂ ವಿಚಿತ್ರಗಳಿಗೆ ನಮ್ಮ ಕೆಲಸದಲ್ಲಿ ದಿನವೂ ಎದುರಾಗುವ ಕಾರಣಗಳಿವೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ಅರ್ಥವಾದರೆ ಮುಂದೆ ಯಾವ ಕ್ಯಾಮೆರಾ ಬಂದರೂ ನೀವೇ ಸರಿಪಡಿಸಿಕೊಳ್ಳಬಹುದು.

ಪಟ್ಟಿಗಳ ಕಾರಣ ನಮ್ಮ ಕರೆಂಟು. ಭಾರತದಲ್ಲಿ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಪ್ರತಿ ಆವರ್ತದಲ್ಲಿ ಎರಡು ಬಾರಿ ಏರಿಳಿತವಾಗುವುದರಿಂದ, ಹಳೆಯ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಅಮೆರಿಕದಲ್ಲಿ 60 ಆವರ್ತಗಳ ಕರೆಂಟು. ಕ್ಯಾಮೆರಾ ಅಥವಾ ಆ್ಯಪ್ 60ಕ್ಕೆ ಹೊಂದಿಕೊಂಡಿದ್ದರೆ, ಅದು ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಅವಧಿ ನಮ್ಮ ದೀಪದ ಏರಿಳಿತಕ್ಕೆ ತಾಳೆಯಾಗುವುದಿಲ್ಲ. ತಾಳ ತಪ್ಪಿದ ಆ ಅಂತರವೇ ಪಟ್ಟಿಯಾಗಿ ಹರಿಯುತ್ತದೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಂಟಿ ಫ್ಲಿಕರ್ ಅಥವಾ ಪವರ್‌ಲೈನ್ ಎಂಬ ಹೆಸರಿನ ಆಯ್ಕೆಯಿದ್ದರೆ 50 ಹರ್ಟ್ಸ್ ಇಡಿ. ಷಟರ್ ವೇಗವನ್ನು, ಅಂದರೆ ಬೆಳಕು ಹಿಡಿಯುವ ಆ ಅವಧಿಯನ್ನು, ಕೈಯಿಂದ ಇಡಲು ಸಾಧ್ಯವಿದ್ದರೆ ಸೆಕೆಂಡಿನ ಐವತ್ತನೆಯ ಒಂದು ಅಥವಾ ನೂರನೆಯ ಒಂದು ಭಾಗ ಇಡಿ. ಈ ಎರಡರಲ್ಲಿಯೂ ದೀಪದ ಪೂರ್ಣ ಏರಿಳಿತಗಳು ಸರಿಯಾಗಿ ಅಡಗುವುದರಿಂದ ಪಟ್ಟಿ ಬೀಳುವುದಿಲ್ಲ. ಎರಡೂ ಆಯ್ಕೆಗಳಿಲ್ಲದಿದ್ದರೆ ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್ ಅಥವಾ ಒಳ್ಳೆಯ ಎಲ್‌ಇಡಿ ಬಲ್ಬು ಹಾಕಿಕೊಳ್ಳಿ. ಹಾಗೆಯೇ ದೀಪದ ಕೆಳಗೆ ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಅದರ ರೆಕ್ಕೆಗಳ ನೆರಳು ಮಿಡಿಯುತ್ತದೆ. ಪಾಠದ ಹೊತ್ತಿನಲ್ಲಿ ಫ್ಯಾನನ್ನು ನಿಲ್ಲಿಸಿರಿ.

ತಂತಿ ಹಾವಾಗುವುದಕ್ಕೆ ಕಾರಣ ಬೇರೆ. ಮೊಬೈಲಿನ ಸಂವೇದಕ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವುದಿಲ್ಲ. ನಾವು ಪುಟವನ್ನು ಓದುವಂತೆ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಒಂದೊಂದಾಗಿ ಓದುತ್ತಾ ಹೋಗುತ್ತದೆ. ಈ ಓದು ಮುಗಿಯುವಷ್ಟರಲ್ಲಿ ಮೀಟಿದ ತಂತಿ ಎಷ್ಟೋ ಸಲ ಆಚೀಚೆ ಹೋಗಿ ಬಂದಿರುತ್ತದೆ. ತಂತಿಯು ಸಾಲುಗಳನ್ನು ಅಡ್ಡಲಾಗಿ ಹಾಯ್ದಿದ್ದರೆ, ಒಂದೊಂದು ಸಾಲಿನಲ್ಲಿ ಅದು ಒಂದೊಂದು ಜಾಗದಲ್ಲಿ ಸಿಕ್ಕಿ, ಅಲೆಯಂತೆ ಕಾಣುತ್ತದೆ. ಬಿಸಿಲಿನಲ್ಲಿಯೇ ಇದು ಕಂಡದ್ದೇಕೆಂದರೆ, ಬೆಳಕು ಹೆಚ್ಚಾದಾಗ ಷಟರ್ ಬಹಳ ವೇಗವಾಗಿ, ಪ್ರತಿ ಸಾಲಿನಲ್ಲೂ ತಂತಿ ಚೂಪಾಗಿ ದಾಖಲಾಗುತ್ತದೆ. ಬೆಳಕು ಕಡಿಮೆಯಿದ್ದರೆ ತಂತಿ ಸ್ವಲ್ಪ ಮಸುಕಾಗಿ ಅಲೆ ಅಳಿಸಿಹೋಗುತ್ತದೆ.

ಪರಿಹಾರ ಸುಲಭ. ನೀವು ಮೊಬೈಲನ್ನು ವೀಣೆಯ ದಂಡಿಗೆ ಅಡ್ಡವಾಗಿ ಇಟ್ಟಿರಬೇಕು. ಅದನ್ನು ಕಾಲು ಸುತ್ತು ತಿರುಗಿಸಿ, ಮೊಬೈಲಿನ ಉದ್ದವೂ ದಂಡಿಯ ಉದ್ದವೂ ಒಂದೇ ದಿಕ್ಕಿನಲ್ಲಿರುವಂತೆ ಮಾಡಿ. ಆಗ ತಂತಿ ಕೆಲವೇ ಸಾಲುಗಳೊಳಗೆ ಮಲಗುತ್ತದೆ, ಅಲೆ ಬಹುಮಟ್ಟಿಗೆ ಮಾಯವಾಗುತ್ತದೆ. ಇದರಿಂದ ಹೆಚ್ಚು ಮೆಟ್ಟಿಲುಗಳೂ ಚೌಕಟ್ಟಿನೊಳಗೆ ಬರುತ್ತವೆ.

ಗಣಿತದ ಮೇಷ್ಟ್ರು, ಮಂಡ್ಯ
ಗುರುವಾರ, ಬೆಳಿಗ್ಗೆ 6.30

ಇಷ್ಟು ಸ್ಪಷ್ಟವಾದ ವಿವರಣೆಯನ್ನು ಬೇರೆಲ್ಲಿಯೂ ಓದಿರಲಿಲ್ಲ. ನನ್ನ ಕಾಗದದ ಮೇಲೂ ಆ ಪಟ್ಟಿಗಳು ಬರುತ್ತಿದ್ದವು. 50ಕ್ಕೆ ಬದಲಿಸಿದ ಕೂಡಲೇ ಹೋದವು.

ಕರೆಂಟ್ ಹೋದಾಗಿನ ವಿಷಯವನ್ನೂ ಸೇರಿಸುತ್ತೇನೆ, ನಮ್ಮ ಕಡೆ ಸಂಜೆ ಅದು ಮಾಮೂಲು. ಲ್ಯಾಪ್‌ಟಾಪಿಗೆ ಬ್ಯಾಟರಿಯಿದೆ, ಆದರೆ ವೈಫೈ ರೂಟರ್ ಆರಿಹೋಗುತ್ತದೆ. ಕ್ಯಾಮೆರಾಕ್ಕೆ ಒಂದು ಮೊಬೈಲ್, ಇಂಟರ್‌ನೆಟ್ಟಿಗೆ ಇನ್ನೊಂದು ಮೊಬೈಲಿನ ಹಾಟ್‌ಸ್ಪಾಟ್ ಎಂದು ನಾನು ಬೇರೆ ಬೇರೆ ಮಾಡಿಕೊಂಡಿದ್ದೇನೆ. ಒಂದೇ ಮೊಬೈಲಿನ ಮೇಲೆ ಎರಡೂ ಹೊರೆಯನ್ನು ಹಾಕಿದರೆ ಅದು ಬಹಳ ಬೇಗ ಬಿಸಿಯಾಗುತ್ತದೆ. ಜೂಮ್‌ನವರ ಲೆಕ್ಕದಲ್ಲಿ ಇಬ್ಬರ ನಡುವಿನ ಮಾತುಕತೆಗೆ 720ರ ಗುಣಮಟ್ಟದಲ್ಲಿ ಸೆಕೆಂಡಿಗೆ 1.2 ಮೆಗಾಬಿಟ್ ಸಾಕು. ಹಾಟ್‌ಸ್ಪಾಟ್ ಅದನ್ನು ತಡೆದುಕೊಳ್ಳುತ್ತದೆ.

ಕಂಪ್ಯೂಟರ್ ರಿಪೇರಿ ಕೆಲಸದವರು, ಸರಸ್ವತಿಪುರಂ
ಗುರುವಾರ, ಬೆಳಿಗ್ಗೆ 11.15

ಬಿಸಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಮೇಡಂ, ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ ಹಿಂಬದಿಯನ್ನು ನೋಡಿ. ಬೆನ್ನು ಸ್ವಲ್ಪವಾದರೂ ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ, ಬ್ಯಾಟರಿ ಊದಿದೆ ಎಂದರ್ಥ. ಅಂತಹದನ್ನು ಬಳಸಲೇಬೇಡಿ, ಚಾರ್ಜಿಗೂ ಹಾಕಬೇಡಿ. ಸಪಾಟಾಗಿದ್ದರೆ ತೊಂದರೆಯಿಲ್ಲ. ರಬ್ಬರ್ ಕವರ್ ತೆಗೆದಿಡಿ, ಪರದೆಯ ಬೆಳಕನ್ನು ತಗ್ಗಿಸಿ, 720ರಲ್ಲಿಯೇ ಇರಿಸಿ, ಬಿಸಿಲು ನೇರವಾಗಿ ಮೊಬೈಲಿನ ಮೇಲೆ ಬೀಳದಂತೆ ನೋಡಿಕೊಳ್ಳಿ.

ಮುಖ ಮತ್ತು ಕೈ ಎರಡನ್ನೂ ಒಟ್ಟಿಗೆ ತೋರಿಸಬೇಕೆಂದರೆ ಜೂಮ್‌ನಲ್ಲಿ ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ಮುಖಕ್ಕೆ ಇಟ್ಟುಕೊಂಡು, ಷೇರ್ ಸ್ಕ್ರೀನ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿರುವ ಎರಡನೆಯ ಕ್ಯಾಮೆರಾದ ಆಯ್ಕೆಯಲ್ಲಿ ಮೊಬೈಲನ್ನು ಕೊಡಿ. ಕೇಬಲ್ಲೂ ಬೇಡ, ತಂತ್ರಾಂಶವೂ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ: ಮೊಬೈಲಿನಿಂದಲೇ ಅದೇ ಮೀಟಿಂಗಿಗೆ ಇನ್ನೊಬ್ಬ ಸದಸ್ಯರಂತೆ ಸೇರುವುದು. ಆಗ ಮೊಬೈಲಿನ ಧ್ವನಿಯನ್ನು ಜೋಡಿಸಲೇಬಾರದು, ಇಲ್ಲದಿದ್ದರೆ ಎರಡೂ ಯಂತ್ರಗಳು ಒಂದರ ಸದ್ದನ್ನು ಇನ್ನೊಂದು ಹಿಡಿದು ಕೂಗಲಾರಂಭಿಸುತ್ತವೆ. ಆದರೆ ಇದರಲ್ಲಿ ಬೆರಳೂ ನಾದವೂ ಬೇರೆ ಬೇರೆ ದಾರಿಯಲ್ಲಿ ಹೋಗುವುದರಿಂದ ಒಟ್ಟಿಗೆ ತಲುಪುತ್ತವೆ ಎಂಬ ಖಾತ್ರಿಯಿಲ್ಲ. ನಿಮ್ಮ ಪಾಠಕ್ಕೆ ನಾನು ಇದನ್ನು ಹೇಳುವುದಿಲ್ಲ.

ಧ್ವನಿಯನ್ನು ಲ್ಯಾಪ್‌ಟಾಪಿನ ಮೈಕಿನಿಂದ ಅಥವಾ ಪ್ರತ್ಯೇಕ ಮೈಕಿನಿಂದ ತೆಗೆದುಕೊಳ್ಳಿ. ಮೀಟಿಂಗ್ ತಂತ್ರಾಂಶಗಳು ಮನುಷ್ಯರ ಮಾತನ್ನು ಉಳಿಸಿ ಉಳಿದುದನ್ನು ಗದ್ದಲವೆಂದು ತಗ್ಗಿಸುವಂತೆ ರಚನೆಯಾಗಿವೆ, ವೀಣೆಯ ಪಕ್ಕದಲ್ಲಿರುವ ತಾಳದ ತಂತಿಗಳ ಝೇಂಕಾರ ಅದಕ್ಕೆ ಗದ್ದಲವಾಗಿಯೇ ಕೇಳಿಸಬಹುದು. ಜೂಮ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಸಂಗೀತಗಾರರಿಗೆಂದೇ ಒರಿಜಿನಲ್ ಸೌಂಡ್ ಎಂಬ ಆಯ್ಕೆಯಿದೆ, ಅದನ್ನು ಚಾಲೂ ಮಾಡಿಕೊಳ್ಳಿ.

ವೀಣಾ ಶಿಕ್ಷಕಿ, ಕುವೆಂಪುನಗರ, ಮೈಸೂರು
ಶನಿವಾರ, ಬೆಳಿಗ್ಗೆ 8.20

ಈಗಷ್ಟೇ ಪಾಠ ಮುಗಿಸಿ ಬರೆಯುತ್ತಿದ್ದೇನೆ. ಊಟದ ಮೇಜಿನಿಂದ ಪಟ್ಟಿ ಚಾಚಿ, ಹಿಂತುದಿಗೆ ರಾಗಿಯ ಡಬ್ಬಿ ಇಟ್ಟು, ಮೊಬೈಲನ್ನು ದಂಡಿಯ ಉದ್ದಕ್ಕೆ ಹೊಂದಿಸಿದೆ. ಫೋಕಸನ್ನು ಮೆಟ್ಟಿಲುಗಳ ಮೇಲೆ ನಿಲ್ಲಿಸಿದೆ, 50 ಹರ್ಟ್ಸ್ ಇಟ್ಟೆ, ಫ್ಯಾನ್ ಆರಿಸಿದೆ. ಮುಖ ಲ್ಯಾಪ್‌ಟಾಪಿನಲ್ಲಿ, ಕೈ ಮೊಬೈಲಿನಲ್ಲಿ. ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಚಿತ್ರ ನಿಲ್ಲಲಿಲ್ಲ. ತಂತಿ ತಂತಿಯಾಗಿಯೇ ಕಂಡಿತು. ಮೊಬೈಲು ಬೆಚ್ಚಗಾಗಿತ್ತು, ಸುಡುವಷ್ಟಲ್ಲ.

ತೋಡಿಯ ಶಿಷ್ಯೆಗೆ ಗಾಂಧಾರವನ್ನು ನಿಧಾನವಾಗಿ ನುಡಿಸಿ ತೋರಿಸಿದೆ. ನಾಲ್ಕನೆಯ ಬಾರಿ ನುಡಿಸುವಾಗ ಅವಳು ತಡೆದು, ತಾನು ಇಷ್ಟು ದಿನ ಬೆರಳನ್ನು ಮೆಟ್ಟಿಲಿನ ನಡುವೆ ಇಡುತ್ತಿದ್ದುದಾಗಿಯೂ, ನಾನು ಮೆಟ್ಟಿಲಿನ ಅಂಚಿಗೇ ಒತ್ತಿಟ್ಟು ಎಳೆಯುತ್ತಿರುವುದು ಈಗ ಕಂಡಿತೆಂದೂ ಹೇಳಿದಳು. ನಾನು ಅದನ್ನು ಬಾಯಲ್ಲಿ ಒಮ್ಮೆಯೂ ಹೇಳಿರಲಿಲ್ಲ, ಏಕೆಂದರೆ ನನ್ನ ಬೆರಳು ಅಲ್ಲಿ ಕೂರುತ್ತದೆಂಬುದನ್ನು ನಾನೇ ಗಮನಿಸಿರಲಿಲ್ಲ. ಆಮೇಲೆ ಅವಳು ನುಡಿಸಿದ ಗಾಂಧಾರ ಜಾಗಕ್ಕೆ ಬಂತು.

ಈಗ ಅವಳ ಮನೆಯಲ್ಲಿಯೂ ಹಳೆಯ ಮೊಬೈಲೊಂದು ಇದೆಯಂತೆ. ಅವಳ ಕೈಯನ್ನೂ ನಾನು ಹೀಗೆಯೇ ನೋಡುವಂತಾದರೆ ತಿದ್ದುವುದು ಸುಲಭವಾಗುತ್ತದೆ. ಅವಳಿರುವುದು ಅಮೆರಿಕದಲ್ಲಿ, ಅಲ್ಲಿ ದೀಪದ ಆಯ್ಕೆಯನ್ನು 60ಕ್ಕೇ ಇಡಬೇಕಲ್ಲವೇ?

ಮದುವೆ ವಿಡಿಯೋ ಕೆಲಸದವರು, ಮಂಡ್ಯ
ಶನಿವಾರ, ಬೆಳಿಗ್ಗೆ 9.05

ಹೌದು ಮೇಡಂ, ಅವರಿಗೆ 60. ಷಟರ್ ಕೈಯಿಂದ ಇಡುವುದಾದರೆ ಅರವತ್ತನೆಯ ಅಥವಾ ನೂರಿಪ್ಪತ್ತನೆಯ ಒಂದು ಭಾಗ. ಮೊಬೈಲನ್ನು ದಂಡಿಯ ಉದ್ದಕ್ಕೇ ಇಡಲು ಹೇಳಿ, ಮತ್ತು ಮೊದಲ ಪ್ರಯತ್ನದಲ್ಲಿ ಕಾಣಿಸದಿದ್ದರೆ ಕೇಬಲ್ ಬದಲಾಯಿಸಲು ಹೇಳಿ.